ಟಾಪ್ ತೆಗೆದ ಕಾರಿಗೆ ಟೈರು ಆರಿಸುವಾಗ

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ದಾರಿಯಲ್ಲಿ ನಿಂತರೆ ಟಾಪ್ ಇಳಿಸಿಕೊಂಡ ಮಿನಿ ಕೂಪರ್, ಬಿಎಂಡಬ್ಲ್ಯು ಝಡ್4, ಒಂದಷ್ಟು ಥಾರ್‌ಗಳು ಕಣ್ಣಿಗೆ ಬೀಳುತ್ತವೆ. ಟೈರು, ಅಲೈನ್‌ಮೆಂಟ್ ಕೆಲಸ ಮಾಡುವ ನಮ್ಮ ಹತ್ತಿರ ಇವು ಬಂದಾಗ ಮಾಲೀಕರು ಹೇಳುವ ದೂರು ಹೆಚ್ಚುಕಡಿಮೆ ಒಂದೇ: ‘ಗಾಡಿ ತುಂಬಾ ಎತ್ತಿ ಹಾಕುತ್ತೆ ಸಾರ್, ಸಸ್ಪೆನ್ಷನ್ ಹೋಗಿದೆಯಾ ನೋಡಿ.’ ಸಸ್ಪೆನ್ಷನ್ ಹೋಗಿರುವುದು ಅಪರೂಪ. ಈ ಕಾರುಗಳ ಸುಖ ಕೆಡುವುದೂ ಸುಧಾರಿಸುವುದೂ ಬಹುಮಟ್ಟಿಗೆ ರಿಮ್ಮು, ರಬ್ಬರು, ಗಾಳಿ ಈ ಮೂರರಲ್ಲಿ. ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಕಾರಿನ ಮೈ ತಿಳಿಯಬೇಕು

ಸಾಮಾನ್ಯ ಕಾರಿನಲ್ಲಿ ಛಾವಣಿ ಬರೀ ಮಳೆ ಬಿಸಿಲಿಗೆ ಇರುವುದಲ್ಲ. ಎಡಬಲದ ಕಂಬಗಳನ್ನು ಬಿಗಿದು ಹಿಡಿದು, ಇಡೀ ಬಾಡಿ ತಿರುಚದಂತೆ ನೋಡಿಕೊಳ್ಳುವುದು ಅದೇ. ಮೇಲಿನ ಪಟ್ಟಿ ಕಿತ್ತ ಬಾಗಿಲ ಚೌಕಟ್ಟು ಎಷ್ಟು ಗಟ್ಟಿ ಮರದ್ದಾದರೂ ಸ್ವಲ್ಪ ಓಲಾಡುತ್ತದಲ್ಲ, ಇಲ್ಲೂ ಹಾಗೆಯೇ. ಆದ್ದರಿಂದ ಕಂಪನಿಯವರು ಬಾಗಿಲ ಕೆಳಗಿನ ಪಟ್ಟಿಯನ್ನು ದಪ್ಪ ಮಾಡುತ್ತಾರೆ, ಮುಂದಿನ ಗಾಜಿನ ಚೌಕಟ್ಟಿಗೆ ಬಲ ಕೊಡುತ್ತಾರೆ, ತಳಕ್ಕೆ ಅಡ್ಡಪಟ್ಟಿ ಹಾಕುತ್ತಾರೆ. ಕಾರಿನ ತೂಕ ಹೆಚ್ಚುತ್ತದೆ. ಆದರೂ ಗುಂಡಿಗೆ ಒಂದು ಚಕ್ರ ಇಳಿದಾಗ ಗಾಜಿನ ಚೌಕಟ್ಟು, ಸ್ಟೇರಿಂಗ್, ಒಳಗಿನ ಕನ್ನಡಿ ಸಣ್ಣಗೆ ಅದುರುತ್ತವೆ. ಅದನ್ನು ಪೂರ್ತಿ ನಿಲ್ಲಿಸಲು ಟೈರಿನಿಂದ ಆಗದು. ಆದರೆ ಏಟು ಬಾಡಿಗೆ ತಲುಪುವ ಮೊದಲೇ ಅದರಲ್ಲಿ ಒಂದು ಪಾಲನ್ನು ಟೈರು ನುಂಗಿಕೊಂಡರೆ ಅದುರುವುದು ಅಷ್ಟು ಕಡಿಮೆ. ಹಾಗಾಗಿಯೇ ಅದೇ ಮಾದರಿಯ ಛಾವಣಿ ಇರುವ ಕಾರಿಗೆ ಸರಿಹೋದ ಟೈರು ಕನ್ವರ್ಟಿಬಲ್‌ಗೂ ಸರಿಹೋಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

2. ರಿಮ್ಮು ಬೆಳೆದಷ್ಟೂ ರಬ್ಬರು ತೆಳ್ಳಗಾಗುತ್ತದೆ

ಇದು ಎಲ್ಲಕ್ಕಿಂತ ಮುಖ್ಯ. ಮಿನಿ ಕೂಪರ್ ಎಸ್ ಕನ್ವರ್ಟಿಬಲ್ಲಿನ 205/45 ಆರ್17 ಟೈರನ್ನೇ ತೆಗೆದುಕೊಳ್ಳಿ. 205 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 45 ಎಂದರೆ ಆ ಅಗಲದ ನೂರಕ್ಕೆ 45ರಷ್ಟು ಸೈಡ್‌ವಾಲಿನ (ಟೈರಿನ ಪಕ್ಕದ ಗೋಡೆಯ) ಎತ್ತರ, ಅಂದರೆ 92 ಮಿ.ಮೀ. 17 ಎಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. ಇದೇ ಕಾರಿಗೆ 18 ಇಂಚಿನ ರಿಮ್ ಹಾಕಿ 205/40 ಟೈರು ತೊಡಿಸಿದರೆ ಸೈಡ್‌ವಾಲ್ 82ಕ್ಕೆ ಇಳಿಯುತ್ತದೆ. 16ರ ರಿಮ್ಮಿಗೆ 195/55 ಹಾಕಿದರೆ 107 ಮಿ.ಮೀ. ಸಿಗುತ್ತದೆ. ಮೂರರಲ್ಲೂ ಚಕ್ರದ ಒಟ್ಟು ಎತ್ತರ 616ರಿಂದ 621 ಮಿ.ಮೀ. ಒಳಗೇ ಇರುವುದರಿಂದ ಸ್ಪೀಡೋಮೀಟರು ಕೆಡುವುದಿಲ್ಲ, ಗೇರಿನ ಲೆಕ್ಕ ತಪ್ಪುವುದಿಲ್ಲ. ಬದಲಾಗುವುದು ರಸ್ತೆಗೂ ರಿಮ್ಮಿಗೂ ನಡುವೆ ಇರುವ ಗಾಳಿ ತುಂಬಿದ ರಬ್ಬರು ಮಾತ್ರ. 18ಕ್ಕೂ 16ಕ್ಕೂ 25 ಮಿ.ಮೀ. ಅಂತರ, ಹೆಚ್ಚುಕಡಿಮೆ ಒಂದು ಇಂಚು. ನಮ್ಮ ಊರಿನ ಗುಂಡಿ, ಕಿತ್ತುಹೋದ ಡಾಂಬರಿನ ಅಂಚು, ಬಣ್ಣ ಬಳಿಯದ ಹಂಪು ಇವೆಲ್ಲ ಏಟು ಕೊಡುವುದು ಆ ಒಂದು ಇಂಚಿಗೇ.

ಇತ್ತೀಚಿನ ತಲೆಮಾರಿನ ಝಡ್4ರಲ್ಲೂ ಹೀಗೆಯೇ. 19ರ ರಿಮ್ಮಿನಲ್ಲಿ ಮುಂದಿನ ಟೈರು 255/35, ಸೈಡ್‌ವಾಲ್ 89 ಮಿ.ಮೀ. 18ಕ್ಕೆ ಬಂದು 225/45 ಹಾಕಿದರೆ 101. ಚಕ್ರದ ಎತ್ತರ ಬಹುತೇಕ ಅಷ್ಟೇ. ಈ ಕಾರಿನಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಆದ್ದರಿಂದ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ ಸವೆತ ಸರಿದೂಗಿಸುವ ದಾರಿ ಇಲ್ಲ. ಖರ್ಚಿನ ಲೆಕ್ಕ ಹಾಕುವಾಗ ಇದೂ ಮನಸ್ಸಿನಲ್ಲಿರಲಿ.

ದೊಡ್ಡ ರಿಮ್ಮು ಚೆಂದ ಕಾಣುತ್ತದೆ, ನಿಜ. ತಿರುವಿನಲ್ಲಿ ಸ್ಟೇರಿಂಗ್ ಚುರುಕಾಗುತ್ತದೆ ಎಂಬುದೂ ನಿಜ. ಆದರೆ ನುಣುಪು ಓಟ ಬೇಕು ಎನ್ನುವವರಿಗೆ ಅಪ್‌ಸೈಜ್ ಮಾಡಿಕೊಡಲು ನನಗೆ ಮನಸ್ಸಾಗುವುದಿಲ್ಲ. ಟಾಪ್ ಇಳಿಸಿ ಮೆಲ್ಲಗೆ ಹೋಗುವ ಸುಖಕ್ಕೇ ಈ ಕಾರು ಕೊಂಡವರು ರಿಮ್ಮಿನ ಅಂದಕ್ಕಾಗಿ ಆ ಸುಖ ಬಿಟ್ಟುಕೊಡಬಾರದು.

3. ರಿಮ್ ಇಳಿಸುವ ಮುನ್ನ ಬ್ರೇಕ್ ನೋಡಿ

ಚಿಕ್ಕ ರಿಮ್ಮು ಎಲ್ಲ ಕಾರಿಗೂ ಕೂರುವುದಿಲ್ಲ. ಮಿನಿಯ ಜಾನ್ ಕೂಪರ್ ವರ್ಕ್ಸ್ ಮಾದರಿಯ ದೊಡ್ಡ ಬ್ರೇಕ್ ಕ್ಯಾಲಿಪರಿಗೆ 16ರ ರಿಮ್ಮು ತಾಗುತ್ತದೆ. ಬೋಲ್ಟಿನ ಅಳತೆಯೂ ತಲೆಮಾರಿಗೊಂದು. ಹಳೆಯ ಮಿನಿ ಕನ್ವರ್ಟಿಬಲ್‌ಗೆ ನಾಲ್ಕು ಬೋಲ್ಟು, 100 ಮಿ.ಮೀ. ವೃತ್ತ. ಅದರ ನಂತರದ ತಲೆಮಾರಿಗೆ ಐದು ಬೋಲ್ಟು, 112. ರಿಮ್ಮಿನ ನಡುವಿನ ರಂಧ್ರ ಕಾರಿನ ಹಬ್‌ಗಿಂತ ದೊಡ್ಡದಿದ್ದರೆ ಹಬ್ ರಿಂಗ್ ಹಾಕಲೇಬೇಕು, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿದರೂ ನಡುಕ ಹೋಗದು. ಆಫ್‌ಸೆಟ್ (ಚಕ್ರ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬ ಅಳತೆ) ಕೂಡ ಕಂಪನಿಯ ಅಂಕಿಯ ಹತ್ತಿರವೇ ಇರಲಿ. ಚಕ್ರ ಹೊರಕ್ಕೆ ಬಂದಷ್ಟೂ ಪ್ರತಿ ಗುಂಡಿಯೂ ಸ್ಟೇರಿಂಗನ್ನು ಎಳೆಯುತ್ತದೆ.

ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ ಹೊರೆಯ ಅಂಕಿ ಇರುತ್ತದೆ. 84 ಎಂದರೆ ಒಂದು ಟೈರು 500 ಕಿಲೋ ಹೊರುತ್ತದೆ, 87ಕ್ಕೆ 545, 88ಕ್ಕೆ 560. ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರು ಅಗ್ಗಕ್ಕೆ ಸಿಕ್ಕರೂ ಬೇಡ. ಅದೇ ಪುಸ್ತಕದಲ್ಲಿ ಕಂಪನಿ ಒಪ್ಪಿದ ಅಳತೆಗಳ ಪಟ್ಟಿಯೂ ಇರುತ್ತದೆ. ಅದರ ಆಚೆ ಹೋಗದಿರುವುದೇ ಒಳ್ಳೆಯದು.

4. ರನ್‌ಫ್ಲಾಟ್ ಬಿಡಬಹುದು, ಸಿದ್ಧತೆ ಮಾಡಿಕೊಂಡು

ರನ್‌ಫ್ಲಾಟ್ ಟೈರಿನ ಸೈಡ್‌ವಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ರಿಮ್ಮಿನಿಂದ ಬಿಚ್ಚಿಟ್ಟಾಗಲೂ ಅದು ಬಗ್ಗುವುದಿಲ್ಲ. ಗಾಳಿ ಪೂರ್ತಿ ಹೋದರೂ ಕಾರಿನ ತೂಕ ಹೊತ್ತು, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ 80 ಕಿ.ಮೀ. ದೂರ ಹೋಗಲೆಂದು ಅದನ್ನು ಹಾಗೆ ಮಾಡಿರುತ್ತಾರೆ. ಆ ಬಿಗಿತದ ಬೆಲೆಯನ್ನು ದಿನದಿನವೂ ಕೊಡಬೇಕು. ಮಿನಿ ಕನ್ವರ್ಟಿಬಲ್ ಓಡಿಸುವ ಡಾಕ್ಟರೊಬ್ಬರು ಅದೇ 17ರ ರಿಮ್ಮಿಗೆ ಅದೇ ಅಳತೆಯ ಸಾಮಾನ್ಯ ಟೈರು ಹಾಕಿಸಿಕೊಂಡರು. ಹಾಕಿದ ಮೇಲೆ ನಮ್ಮ ಬೀದಿಯ ಹಂಪು ದಾಟಿಸಿ, ಆಚೆಯ ಕಿತ್ತ ರಸ್ತೆಯಲ್ಲಿ ಒಂದು ಸುತ್ತು ಬಂದೆವು. ‘ಕನ್ನಡಿಯಲ್ಲಿ ಹಿಂದಿನ ಆಟೋದ ನಂಬರ್ ಓದೋಕಾಗ್ತಿದೆ ಈಗ’ ಎಂದರು ಅವರು. ಮೊದಲು ಅದೇ ಜಾಗದಲ್ಲಿ ಕನ್ನಡಿ ಅದುರಿ ಎಲ್ಲ ಮಬ್ಬಾಗುತ್ತಿತ್ತು. ಅಂದಿನಿಂದ ನಾನು ಎಲ್ಲರಿಗೂ ಕನ್ನಡಿ ನೋಡಲು ಹೇಳುತ್ತೇನೆ, ಬಾಡಿಯ ಅದಿರಾಟಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಕೈಗೆ ಸಿಗುವುದಿಲ್ಲ.

ಆದರೆ ಇಂಥ ಕಾರುಗಳಲ್ಲಿ ಬಹುಪಾಲಿಗೆ ಸ್ಟೆಪ್ನಿ ಇರುವುದಿಲ್ಲ. ರನ್‌ಫ್ಲಾಟ್ ಬಿಟ್ಟವರು ಚಿಕ್ಕ ಕಂಪ್ರೆಸರು, ಸೀಲೆಂಟ್ ಬಾಟಲಿ, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮೂರನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು. ಸೈಡ್‌ವಾಲ್ ಹರಿದರೆ ಇವೂ ಕೆಲಸಕ್ಕೆ ಬಾರವು. ರಾತ್ರಿ ಹೊತ್ತು ಒಬ್ಬರೇ ದೂರ ಓಡಿಸುವವರಿಗೆ ನಾನು ರನ್‌ಫ್ಲಾಟ್ ಬಿಡಿ ಎನ್ನುವುದಿಲ್ಲ. ಎರಡು ರನ್‌ಫ್ಲಾಟ್, ಎರಡು ಸಾಮಾನ್ಯ ಎಂದು ಬೆರೆಸುವುದಂತೂ ಬೇಡವೇ ಬೇಡ.

5. ಗಾಳಿ ತುಂಬುವವರು ಕೇಳಿದ್ದಕ್ಕೆ ಹೂಂ ಅನ್ನಬೇಡಿ

‘ಮೂವತ್ತೈದು ಹಾಕ್ಲಾ ಸಾರ್?’ ಎಂದು ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಾರೆ. ಎಲ್ಲ ಕಾರಿಗೂ ಒಂದೇ ಅಂಕಿ ಆಗುವುದಿಲ್ಲ. ಬಾಗಿಲ ಕಂಬದ ಹತ್ತಿರ ಅಂಟಿಸಿರುವ ಚೀಟಿಯಲ್ಲಿ ನಿಮ್ಮ ಕಾರಿನ ಅಂಕಿ ಇದೆ. ಅಮೆರಿಕದಲ್ಲಿರುವ ಕನ್ನಡಿಗರು ಇಷ್ಟಪಟ್ಟು ಓಡಿಸುವ, ಇಲ್ಲಿ ಮಾರಾಟಕ್ಕಿಲ್ಲದ ಮಾಜ್ದಾ ಮಿಯಾಟಾದ ಈಗಿನ ತಲೆಮಾರಿಗೆ ಕಂಪನಿ ಹೇಳುವುದು 29 ಪಿಎಸ್ಐ. ಅದಕ್ಕೆ 35 ತುಂಬಿದರೆ ಹಗುರವಾದ ಆ ಕಾರು ಪ್ರತಿ ಕಲ್ಲಿಗೂ ಕುಣಿಯುತ್ತದೆ. ಹಾಗೆಂದು ಚೀಟಿಗಿಂತ ಕಡಿಮೆ ಮಾಡಿ ಮೆತ್ತಗೆ ಮಾಡಿಕೊಳ್ಳಲು ಹೋದರೆ ಮೊದಲ ಗುಂಡಿಗೇ ರಿಮ್ ಬೆಂಡಾಗುತ್ತದೆ, ಸೈಡ್‌ವಾಲ್ ಉಬ್ಬುತ್ತದೆ.

ಗಾಳಿ ನೋಡಬೇಕಾದ್ದು ಟೈರು ತಣ್ಣಗಿರುವಾಗ. ಓಡಿಸಿ ಬಿಸಿಯಾದ ಟೈರಿನಲ್ಲಿ ಅಂಕಿ ಏರಿರುತ್ತದೆ, ಆಗ ಗಾಳಿ ಬಿಡಬೇಡಿ. ನೈಟ್ರೋಜನ್ ಬೇಕೇ ಎಂದು ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಸವಾರಿಯ ಸುಖಕ್ಕೆ ಅದರಿಂದ ವ್ಯತ್ಯಾಸ ಕಾಣದು.

6. ಟ್ರೆಡ್ಡಿಗಿಂತ ತಾರೀಖು ನೋಡಿ

ಕನ್ವರ್ಟಿಬಲ್ ಹೆಚ್ಚಾಗಿ ಮನೆಯ ಎರಡನೇ ಅಥವಾ ಮೂರನೇ ಕಾರು. ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಟ್ರೆಡ್ ಹೊಸದರಂತೆ ಕಾಣುತ್ತದೆ, ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಸೈಡ್‌ವಾಲಿನಲ್ಲಿ ಡಾಟ್ (DOT) ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಹುಡುಕಿ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿ, ಟ್ರೆಡ್ ಸಂದಿಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿದ್ದರೆ ನಾನು ಬದಲಿಸಲು ಹೇಳುತ್ತೇನೆ. ಹೊಸ ಟೈರು ಕೊಳ್ಳುವಾಗಲೂ ಈ ಅಂಕಿ ನೋಡಿಯೇ ಹಣ ಕೊಡಿ.

ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗುತ್ತದೆ. ಹೊರಟ ಕೂಡಲೇ ದಡಬಡ ಎನ್ನುತ್ತದೆ. ಬಹಳಷ್ಟು ಸಲ ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಸರಿಹೋಗುತ್ತದೆ. ಸರಿಹೋಗದಿದ್ದರೆ ಆ ಟೈರಿನ ಕಾಲ ಮುಗಿದಿದೆ.

7. ನಡುಕ ಬೇರೆ, ಅದಿರಾಟ ಬೇರೆ

ಮೈಸೂರು ಎಕ್ಸ್‌ಪ್ರೆಸ್‌ವೇಯಂಥ ನುಣುಪು ರಸ್ತೆಯಲ್ಲಿ 80ರಿಂದ 100ರ ವೇಗಕ್ಕೆ ನಡುಕ ಬಂದು, ವೇಗ ಬದಲಿಸಿದರೆ ಹೋಗುವುದಾದರೆ ಅದು ಚಕ್ರದ ತೊಂದರೆ. ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು ಎಂದು ಮೊದಲು ಅನುಮಾನಿಸಿ. ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿದಾಗ ಅಂಕಿ ನೋಡಿದರಷ್ಟೇ ಸಾಲದು, ರಿಮ್ಮಿನ ಒಳ ಅಂಚು ತಿರುಗುವುದನ್ನು ಕಣ್ಣಲ್ಲೇ ನೋಡಬೇಕು. ಬೆಂಡ್ ಇರುವುದು ಬಹಳ ಸಲ ಒಳಗಡೆಯೇ, ಹೊರಗಿನಿಂದ ಕಾಣದು. ಗುಂಡಿಗೆ ಇಳಿದಾಗ ಮಾತ್ರ, ಯಾವ ವೇಗದಲ್ಲಾದರೂ ಬರುವುದು ಬಾಡಿಯ ಅದಿರಾಟ. ಅದಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿ ದುಡ್ಡು ಕಳೆಯಬೇಡಿ, ಸೈಡ್‌ವಾಲು, ಗಾಳಿ, ಆಮೇಲೆ ಸಸ್ಪೆನ್ಷನ್ ಬುಷ್ ನೋಡಿಸಿ.

8. ಬಟ್ಟೆಯ ಟಾಪು ಸದ್ದು ತಡೆಯದು

ಬಟ್ಟೆಯ ಟಾಪಿರುವ ಕಾರಿನೊಳಗೆ ಟೈರಿನ ಸದ್ದು ಹೆಚ್ಚು ಕೇಳುತ್ತದೆ. ಕಾಂಕ್ರೀಟು ಹಾಕಿದ ವೈಟ್‌ಟಾಪಿಂಗ್ ರಸ್ತೆಯಲ್ಲಿ ಇನ್ನೂ ಹೆಚ್ಚು. ಅದಕ್ಕೇ ರೇಸಿನವರ ಟೈರು ಬಿಟ್ಟು, ಸದ್ದು ಕಡಿಮೆ ಮಾಡುವ ಟೂರಿಂಗ್ ಬಗೆಯದನ್ನು ಕೇಳಿ.

9. ಹಗುರ ರಿಮ್ಮು ಒಳ್ಳೆಯದು, ತೆಳ್ಳನೆ ನಕಲಿ ರಿಮ್ಮು ಅಪಾಯ

ಚಕ್ರ ಹಗುರವಾದಷ್ಟೂ ಸಸ್ಪೆನ್ಷನ್ ಅದನ್ನು ಬೇಗ ಹಿಡಿತಕ್ಕೆ ತರುತ್ತದೆ, ಬಾಡಿಗೆ ಹೋಗುವ ಏಟು ತಗ್ಗುತ್ತದೆ. ಫೋರ್ಜ್ ಮಾಡಿದ ರಿಮ್ಮು ದುಬಾರಿ, ಆದರೆ ಹಗುರ, ಗಟ್ಟಿ. ಅದರ ಆಕಾರವನ್ನಷ್ಟೇ ನಕಲು ಮಾಡಿ ತೆಳ್ಳಗೆ ಎರಕ ಹೊಯ್ದದ್ದು ಗುಂಡಿಗೆ ಬಿದ್ದಾಗ ಸೀಳುತ್ತದೆ. ಅದಕ್ಕಿಂತ ಕಾರಿನ ಜೊತೆ ಬಂದ ಕಂಪನಿ ರಿಮ್ಮೇ ಎಷ್ಟೋ ಮೇಲು.

10. ಥಾರ್‌ನ ಲೆಕ್ಕ ಬೇರೆ

ಸಾಫ್ಟ್ ಟಾಪ್ ಥಾರ್ ಕನ್ವರ್ಟಿಬಲ್ಲೇ ಆದರೂ ಅದರ ಬಲ ಇರುವುದು ಕೆಳಗಿನ ಚಾಸಿಯಲ್ಲಿ. ಟಾಪ್ ತೆಗೆದರೂ ಮಿನಿಯಷ್ಟು ಅದುರುವುದಿಲ್ಲ. 2020ರ ಮಾದರಿಗೆ 18ರ ರಿಮ್ಮಿನಲ್ಲಿ 255/65, 16ರಲ್ಲಿ 245/75 ಬಂದಿವೆ. ಎರಡರಲ್ಲೂ ಸೈಡ್‌ವಾಲ್ 165 ಮಿ.ಮೀ. ದಾಟುತ್ತದೆ, ಆದ್ದರಿಂದ ಇಲ್ಲಿ ರಿಮ್ ಇಳಿಸುವ ಅಗತ್ಯವಿಲ್ಲ. ಇಲ್ಲಿ ಸುಖ ಕೆಡಿಸುವುದು ಕೆಸರಿಗೆಂದು ಮಾಡಿದ ದಪ್ಪ ಹಲ್ಲಿನ ಟೈರು. ಡಾಂಬರಿನ ಮೇಲೆ ಅದು ಗುಂಯ್‌ಗುಡುತ್ತದೆ, ಬ್ರೇಕ್ ಹಾಕಿದಾಗ ಓಲಾಡುತ್ತದೆ. ಮಲೆನಾಡಿನ ತೋಟದ ದಾರಿಯಲ್ಲಿ ದಿನಾ ಓಡಿಸುವವರಿಗೆ ಅದು ಬೇಕು. ವಾರಕ್ಕೊಮ್ಮೆ ಸಕಲೇಶಪುರಕ್ಕೆ ಹೋಗಿಬರುವವರಿಗೆ ಹೈವೇ ಟೆರೇನ್ ಬಗೆಯದೇ ಸಾಕು.