ಲೆಕ್ಕ ಬರೆಯೋಣ

ಚಾಮರಾಜಪೇಟೆಯ ಒಂದು ವಠಾರ. ಅಲ್ಲಿ ಒಂದು ಮನೆ. ದಿನವೂ ದುಡ್ಡಿನ ಜಗಳ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಈ ಮನೆಯಾಕೆಗೂ ಬಂತು. ಜಗಳ ಹೆಚ್ಚಾಯಿತು.

"ಆ ದುಡ್ಡು ಎಲ್ಲಿ?" ಎಂದ ಗಂಡ.

ಆಕೆ ಈಗ ಓದು ಕಲಿತಿದ್ದಳು. ಪಾಸ್‌ಬುಕ್ ಓದಿದಳು. ನೋಟ್‌ಬುಕ್ಕಿನಲ್ಲಿ ಬರೆದಳು: ಬಾಡಿಗೆ, ರೇಷನ್, ಮಗಳ ಶಾಲೆ. ಮುಚ್ಚಿಟ್ಟಿದ್ದ ಚೀಟಿ ಹಣವನ್ನೂ ಬರೆದಳು.

"ಇದನ್ನ ಹೇಳಲೇ ಇಲ್ಲವಲ್ಲೇ?"

"ನಿಮ್ಮ ಸಾಲಾನೂ ನೀವು ಹೇಳಿಲ್ಲ ಕಣ್ರೀ. ಬರೀರಿ."

ಗಂಡ ಪೆನ್ಸಿಲ್ ತಗೊಂಡ. ಸಾಲ ಬರೆದ. ಇಬ್ಬರೂ ಕೂಡಿ ಲೆಕ್ಕ ಹಾಕಿದರು. "ಬಡ್ಡಿ ಬೆಳೆಯುತ್ತೆ. ಮೊದಲು ಸಾಲ ತೀರಿಸೋಣ" ಎಂದರು.

ಅಕ್ಕಂದಿರೇ, ವಾರಕ್ಕೊಮ್ಮೆ ಇಬ್ಬರೂ ಕೂತು ಲೆಕ್ಕ ನೋಡಿ. ಕುಡಿದು ಬಂದ ದಿನ ಬೇಡ. ಗಂಡ ಹೊಡೆದರೆ ಸುಮ್ಮನಿರಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ನಿಮ್ಮ ಮನೆಯ ಲೆಕ್ಕ ಬರೆಯಿರಿ: ಬಂದದ್ದು, ಹೋದದ್ದು, ಉಳಿದದ್ದು.