ಪಾಪರ್ ಬಾಯಿಗೆ ಕಣ್ಣಿಡಬೇಡಿ

ಹೋದ ಬೇಸಿಗೆಯಲ್ಲಿ ಸುರಪುರ ತಾಲ್ಲೂಕಿನ ನಮ್ಮೂರು ದೇವಾಪುರದಲ್ಲಿ ಅಣ್ಣನ ಮದುವೆ. ಅಕ್ಕಿಕಾಳು ಬೀಳೋ ಹೊತ್ತಿಗೆ ನಾವು ಹುಡುಗರು ನಾಲ್ಕು ಪಾರ್ಟಿ ಪಾಪರ್ ಹಿಡಿದು ನಿಂತಿದ್ದೆವು. ಮೂರು ಹಾರಿದವು. ನಾಲ್ಕನೆಯದು ಎಷ್ಟು ತಿರುವಿದರೂ ಸುಮ್ಮನಿತ್ತು. ಏನಾಗಿದೆ ಅಂತ ನಾನು ಅದರ ಬಾಯಿಗೆ ಕಣ್ಣಿಟ್ಟು ನೋಡಲು ಹೋದೆ. ಕಾಕಾ ಓಡಿ ಬಂದು ನನ್ನ ಕೈ ಅತ್ತ ತಳ್ಳಿದರು. “ಏ ತಮ್ಮಾ, ಅದರ ಬಾಯಾಗ ಏನ್ ನೋಡ್ತಿ? ಕಣ್ಣು ಹೋಗ್ತಾವ!” ಅಷ್ಟರಲ್ಲೇ ಅದು ಹಾರಿ ಹಂದರದ ಬಟ್ಟೆಗೆ ಬಡಿಯಿತು.

ಥರ್ಮೋಡೈನಾಮಿಕ್ಸ್ ಪಾಸಾದ ನನಗೆ ಹೊಳೆಯದ್ದು ಶಾಲೆ ಬಿಟ್ಟ ಕಾಕಾಗೆ ಹೊಳೆದಿತ್ತು. ಆ ನಾಚಿಕೆಯಿಂದಲೇ ಈ ಲೇಖನ.

ಎರಡು ಬಗೆ

ದಾರ ಎಳೆಯೋ ಸಣ್ಣ ಪಾಪರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಕೆಂಪು ರಂಜಕದ ಮಿಶ್ರಣ ಕೆಲವೇ ಮಿಲಿಗ್ರಾಂ ಇರುತ್ತದೆ. ಬೆಂಕಿಕಡ್ಡಿಯ ತಲೆಯಲ್ಲಿ ಕ್ಲೋರೇಟ್, ಪೊಟ್ಟಣದ ಬದಿಯಲ್ಲಿ ಕೆಂಪು ರಂಜಕ. ಗೀರಿದಾಗ ಮಾತ್ರ ಎರಡೂ ಸೇರುತ್ತವೆ. ಪಾಪರ್‌ನಲ್ಲಿ ಮೊದಲೇ ಸೇರಿರುತ್ತವೆ, ದಾರದ ತಿಕ್ಕಾಟ ಸಾಕು. ಈ ಮಿಶ್ರಣವನ್ನು ಹಾಸ್ಟೆಲ್‌ನಲ್ಲಿ ಮಾಡಿ ನೋಡೋ ಸಾಹಸ ಖಂಡಿತಾ ಬೇಡ, ಬೆರೆಸುವಾಗಲೇ ಸಿಡಿಯಬಹುದು.

ಮದುವೆಗೆ ತರೋ ಉದ್ದನೆಯ ಕೊಳವೆಯಲ್ಲಿ ಸಾಮಾನ್ಯವಾಗಿ ಮದ್ದು ಇರಲ್ಲ, ಒತ್ತಿ ತುಂಬಿದ ಗಾಳಿ ಇರುತ್ತದೆ. ಬುಡ ತಿರುವಿದರೆ ತಡೆ ಬಿಡುತ್ತದೆ, ಗಾಳಿ ಕಾಗದದ ಚೂರುಗಳನ್ನು ಹೊತ್ತು ಹೊರಗೆ ನುಗ್ಗುತ್ತದೆ.

ಸ್ವಲ್ಪ ಲೆಕ್ಕ

ಉದಾಹರಣೆಗೆ, ಒಳಗೆ 50 ಮಿಲಿಲೀಟರ್ ಗಾಳಿ 10 ಬಾರ್ ಒತ್ತಡದಲ್ಲಿದೆ ಅಂದುಕೊಳ್ಳಿ. ಅದು ಅಡಿಯಾಬ್ಯಾಟಿಕ್ ಆಗಿ 1 ಬಾರ್‌ಗೆ ಹಿಗ್ಗಿದರೆ (ಗಾಮಾ 1.4) ಸುಮಾರು 60 ಜೂಲ್ ಕೆಲಸ ಸಿಗುತ್ತದೆ. ಹೊರಗಿನ ಗಾಳಿಯನ್ನು ತಳ್ಳಲು 21 ಜೂಲ್ ಹೋದರೆ ಉಳಿದದ್ದು 39. ಒಂದು ಕೆಜಿ ಕಲ್ಲು 4 ಮೀಟರ್ ಎತ್ತರದಿಂದ ಬಿದ್ದಷ್ಟು!

ಹಾಗಾದರೆ ದೂರ ನಿಂತವರಿಗೆ ಏಕೆ ಏನೂ ಆಗಲ್ಲ? ಕಾಗದದ ಚೂರು ಹಗುರ, ಅಗಲ; ಗಾಳಿಯ ತಡೆಗೆ ಬೇಗ ವೇಗ ಕಳೆದುಕೊಳ್ಳುತ್ತದೆ. ಆದರೆ ಬಾಯಿಯ ಹತ್ತಿರ ಗಾಳಿಯ ಜೆಟ್ಟೂ ಮುಚ್ಚಳವೂ ಪೂರ್ತಿ ವೇಗದಲ್ಲಿರುತ್ತವೆ. ಕಣ್ಣು ಅಲ್ಲಿರಬಾರದು.

ಇನ್ನೊಂದು, ನಮ್ಮ ಕಡೆಯ ಬಿಸಿಲು. ಗಾತ್ರ ಬದಲಾಗದಿದ್ದರೆ ಒತ್ತಡ ಕೆಲ್ವಿನ್ ಉಷ್ಣತೆಗೆ ತಕ್ಕಂತೆ ಏರುತ್ತದೆ. ಬೈಕಿನ ಡಿಕ್ಕಿಯೊಳಗೆ 30 ಡಿಗ್ರಿ ಇದ್ದದ್ದು 60 ಆದರೆ ಒತ್ತಡ ಶೇ 10ರಷ್ಟು ಹೆಚ್ಚು.

ಹಾರಿಸೋ ಮುಂಚೆ

ಬಾಯಿ ಮೇಲಕ್ಕೆ, ಜನರಿಂದ ಅತ್ತ. ಮೇಲೆ ಕರೆಂಟ್ ತಂತಿ ಇದ್ದರೆ ಹೊಳೆಯೋ ಪಟ್ಟಿಯ ಪಾಪರ್ ಬೇಡವೇ ಬೇಡ: ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಲೇಪ ಇರುವುದರಿಂದ ಶಾರ್ಟ್ ಆಗಬಹುದು. ಕೇಕಿನ ಮೇಣದಬತ್ತಿ ಆರಿಸಿದ ಮೇಲೆಯೇ ಹಾರಿಸಿ. ಹಾರದಿದ್ದರೆ ಇಣುಕಬೇಡಿ, ಬಿಚ್ಚಬೇಡಿ; ಬಾಯಿ ಖಾಲಿ ಜಾಗದ ಕಡೆ ಮಾಡಿ ದೂರ ಇಟ್ಟುಬಿಡಿ. ಕಣ್ಣಿಗೆ ಬಡಿದರೆ ಉಜ್ಜದೆ, ಒತ್ತದೆ, ತಕ್ಷಣ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಮದುವೆಯ ಮರುದಿನ ಅಂಗಳ ಗುಡಿಸಿದ್ದು ಅವ್ವ. ಅಕ್ಕಿಕಾಳನ್ನು ಗುಬ್ಬಿ, ಕೋಳಿ ಆಗಲೇ ಮುಗಿಸಿದ್ದವು. ಹೊಳೆಯೋ ಚೂರು ಮಾತ್ರ ಕಸಬರಿಗೆಗೂ ಸಿಗದೆ ದನದ ಮೇವಿನಲ್ಲಿ ಸೇರಿತ್ತು. ಅವ್ವ ಅದನ್ನು ಒಂದೊಂದೇ ಆರಿಸುತ್ತಾ ಕೂತಿದ್ದಳು. ನಮ್ಮ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತೇವೆ. ಬಿದ್ದದ್ದನ್ನು ಯಾರೋ ತಿನ್ನುತ್ತಾರೆ. ಇಟಲಿಯಲ್ಲೂ ಹಬ್ಬದ ದಿನ ಮೊದಲು ಎಸೆಯುತ್ತಿದ್ದದ್ದು ಸಕ್ಕರೆ ಲೇಪಿಸಿದ ಕಾಳು. ‘ಕಾನ್‌ಫೆಟಿ’ ಅನ್ನೋ ಹೆಸರು ಬಂದದ್ದೇ ಆ ಮಿಠಾಯಿಯಿಂದ.

ಈ ಸಲ ಕಾಲೇಜ್ ಡೇಗೆ ಪಾಪರ್ ತರೋರು ಕಾಗದದ್ದನ್ನೇ ತನ್ನಿ. ಹಾರಿಸಿದವರೇ ಪೊರಕೆ ಹಿಡಿಯೋಣ.