ಹಿಮ್ಮೇಳದಲ್ಲಿ ನಿಂತವನ ಪಾಠಗಳು

ಸೇನೆಯಲ್ಲಿ 24 ವರ್ಷ ಕಳೆದು, ಹವಾಲ್ದಾರನಾಗಿ ಹೊನ್ನಾವರಕ್ಕೆ ಮರಳಿದವನು ನಾನು. ಪಿಂಚಣಿ ಬರುತ್ತದೆ, ಕ್ಯಾಂಟೀನ್ ಕಾರ್ಡಿದೆ. ಸಂಜೆ ಹೊತ್ತು ಅಂಗಡಿ ಕಟ್ಟೆಯಲ್ಲಿ ಕೂತು ಗಡಿಯ ಕಥೆ ಹೇಳಿಕೊಂಡು ಇರಬಹುದಿತ್ತು. ಆದರೆ ನಿವೃತ್ತಿಗೆ ಮುಂಚೆ ಸರ್ಕಾರದ ಪುನರ್ವಸತಿ ತರಬೇತಿಯಲ್ಲಿ ಭದ್ರತೆಯ ಕೋರ್ಸ್ ಮುಗಿಸಿಕೊಂಡಿದ್ದೆ. ಅದರ ಬಲದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಜನರ ಬೆನ್ನಿಗೆ ನಿಲ್ಲುವ ಕೆಲಸ ಮಾಡುತ್ತಿದ್ದೇನೆ. ಗುತ್ತಿಗೆದಾರರು, ಮದುವೆಗೆಂದು ಗಲ್ಫ್‌ನಿಂದ ಬರುವ ವ್ಯಾಪಾರಸ್ಥರ ಕುಟುಂಬಗಳು, ಚುನಾವಣೆ ಬಂದಾಗ ಒಬ್ಬಿಬ್ಬರು ಅಭ್ಯರ್ಥಿಗಳು. ಕಾಗದದಲ್ಲಿ ನನ್ನ ಹುದ್ದೆ ಪಿಎಸ್‌ಒ, ಅಂದರೆ ವೈಯಕ್ತಿಕ ಭದ್ರತಾ ಅಧಿಕಾರಿ. ಊರವರ ಬಾಯಲ್ಲಿ ಬಾಡಿಗಾರ್ಡ್. ನನ್ನ ಹೆಂಡತಿಯ ಪ್ರಕಾರ, ‘ಮತ್ತೊಬ್ಬರ ಮದುವೆಯಲ್ಲಿ ಉಪವಾಸ ನಿಲ್ಲುವವರು’.

ಸೇವೆಯ ಕೊನೆಯ ವರ್ಷದಲ್ಲಿರುವ ಹುಡುಗರು ರಜೆಗೆ ಬಂದಾಗ ಕೇಳುತ್ತಾರೆ, ‘ಹವಾಲ್ದಾರ್ರೇ, ಈ ಲೈನ್ ಹೇಗೆ?’ ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಸೀಟು ಸಿಗುವಾಗಲೇ ಹಿಡಿಯಿರಿ

ಅಮೆರಿಕದಲ್ಲಿ 1944ರ ಜಿ.ಐ. ಬಿಲ್ ಕಾಲದಿಂದ ಮಾಜಿ ಸೈನಿಕನ ಓದಿಗೆ ಸರ್ಕಾರ ಹಣ ಕಟ್ಟುತ್ತದೆ. ಏನು ಓದಬೇಕು, ಎಲ್ಲಿ ಓದಬೇಕು ಎನ್ನುವುದು ಬಹುಮಟ್ಟಿಗೆ ಅವನ ಆಯ್ಕೆ. ಅಲ್ಲಿಯ ಕೆಲವರು ಆ ಹಣದಲ್ಲೇ ಅಂಗರಕ್ಷಕರ ತರಬೇತಿ ಪಡೆಯುತ್ತಾರೆ ಎಂದು ಕೇಳಿ ನಮ್ಮ ಹುಡುಗರಿಗೂ ಆಸೆ. ನಮ್ಮ ವ್ಯವಸ್ಥೆ ಹಾಗಿಲ್ಲ. ರಕ್ಷಣಾ ಸಚಿವಾಲಯದ ಕೆಳಗೆ ದಿಲ್ಲಿಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯ ಇದೆ, ಪಲ್ಟನ್ನಿನಲ್ಲಿ ಎಲ್ಲರೂ ಡಿಜಿಆರ್ ಅನ್ನುತ್ತಾರೆ. ಅದು ಕೋರ್ಸ್‌ಗಳ ಪಟ್ಟಿ ಹೊರಡಿಸುತ್ತದೆ. ಕೈಗೆ ಕಾಸು ಬರುವುದಿಲ್ಲ, ಪಟ್ಟಿಯಲ್ಲಿರುವ ಸಂಸ್ಥೆಯಲ್ಲಿ ಸೀಟು ಸಿಗುತ್ತದೆ. ಜವಾನರಿಗೂ ಸುಬೇದಾರರಂಥ ಜೆಸಿಒಗಳಿಗೂ ಶುಲ್ಕವಿಲ್ಲ, ಅಧಿಕಾರಿಗಳು ಒಂದು ಪಾಲು ತಾವೇ ಕಟ್ಟಬೇಕು.

ಆ ಪಟ್ಟಿಯಲ್ಲಿ ‘ಬಾಡಿಗಾರ್ಡ್ ಕೋರ್ಸ್’ ಎಂದು ಹುಡುಕುತ್ತ ಕೂರಬೇಡಿ. ಸೆಕ್ಯುರಿಟಿ ಸೂಪರ್‌ವೈಸರ್, ಕೈಗಾರಿಕಾ ಭದ್ರತೆ, ಫೈರ್ ಮತ್ತು ಸೇಫ್ಟಿ ಎಂಬಂಥ ಹೆಸರುಗಳಿರುತ್ತವೆ. ವ್ಯಕ್ತಿರಕ್ಷಣೆಯ ಪಾಠ ಅದರೊಳಗೆ ಒಂದು ತುಂಡು. ಉಳಿದದ್ದನ್ನು ನಾವೇ ಹುಡುಕಿ ಕಲಿಯಬೇಕು. ನನ್ನ ಬ್ಯಾಚಿನ ಹಲವರು ಮನೆಗೆ ಹತ್ತಿರದ ಕೇಂದ್ರ ಯಾವುದೆಂದು ನೋಡಿ ಕೋರ್ಸ್ ಆರಿಸಿಕೊಂಡರು, ಕೋರ್ಸ್ ಹೆಸರಲ್ಲಿ ತೆಂಗಿನಕಾಯಿ ಕೊಯ್ಲು ಮುಗಿಸಿದರು. ಡಿಸ್ಚಾರ್ಜ್ ಬುಕ್ ಕೈಗೆ ಬಂದ ಮೇಲೆ ಅದೇ ಕೋರ್ಸ್ ಬೇಕೆಂದರೆ ಕಾರವಾರದ ಸೈನಿಕ ಕಲ್ಯಾಣ ಕಚೇರಿಗೂ ಮನೆಗೂ ಅಲೆದಾಟ. ಯೂನಿಟ್ಟಿನಲ್ಲಿದ್ದಾಗ ಒಂದು ಅರ್ಜಿಯಲ್ಲಿ ಆಗುತ್ತಿದ್ದ ಕೆಲಸ ಅದು.

2. ನಮಗೆ ಗೊತ್ತಿರುವುದೇ ತೊಡಕು

ನಾನು ಭದ್ರತೆಯ ಕೋರ್ಸ್ ಆರಿಸಿದ್ದು ಸುಲಭ ಅಂತ. 24 ವರ್ಷ ಬಂದೂಕು ಹಿಡಿದವನಿಗೆ ಕಾವಲು ಕಾಯುವುದನ್ನು ಯಾರು ಕಲಿಸಬೇಕು? ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಬಂದದ್ದು 2005ರಲ್ಲಿ. ಅದರ ಕೇಂದ್ರ ಮಾದರಿ ನಿಯಮಗಳ ಪ್ರಕಾರ ಹೊಸಬನಿಗೆ ತರಗತಿಯಲ್ಲಿ 100 ತಾಸು, ಹೊರಗೆ 60 ತಾಸು ತರಬೇತಿ ಆಗಬೇಕು. ಮಾಜಿ ಸೈನಿಕನಿಗೂ ಮಾಜಿ ಪೊಲೀಸನಿಗೂ 40 ಮತ್ತು 16 ತಾಸು ಸಾಕು. ಈ ರಿಯಾಯಿತಿ ಓದಿ ನನ್ನ ತಲೆ ಇನ್ನಷ್ಟು ತಿರುಗಿತ್ತು.

ಒಂದು ದಿನ ಅಣಕು ಅಭ್ಯಾಸ. ಒಬ್ಬರು ‘ಸಾಹೇಬರು’, ನಾನು ಅವರ ರಕ್ಷಕ, ಸುತ್ತ ಹತ್ತು ಜನರ ಗುಂಪು. ಗುಂಪಿನಿಂದ ಒಬ್ಬ ಕೋಲು ಬೀಸಿ ಬಂದ. ಕ್ಷಣದಲ್ಲಿ ಅವನನ್ನು ನೆಲಕ್ಕೆ ಕೆಡವಿ, ಕೈ ತಿರುಚಿ, ಮಂಡಿಯೂರಿ ಕೂತೆ. ಚಪ್ಪಾಳೆ ಬರುತ್ತದೆ ಅಂದುಕೊಂಡರೆ ಶಿಕ್ಷಕರು ತಣ್ಣಗೆ ಕೇಳಿದರು, ‘ನಿಮ್ಮ ಸಾಹೇಬರೆಲ್ಲಿ?’ ತಿರುಗಿ ನೋಡಿದೆ. ಸಾಹೇಬರು ಹದಿನೈದು ಹೆಜ್ಜೆ ಆಚೆ ಒಬ್ಬರೇ ನಿಂತಿದ್ದರು. ಅವರ ಪಕ್ಕದಲ್ಲಿ ಎರಡನೆಯವನು ನಗುತ್ತಿದ್ದ, ಬೆರಳನ್ನೇ ಚೂರಿ ಮಾಡಿ ಅವರ ಪಕ್ಕೆಗೆ ಒತ್ತಿ.

ಶತ್ರು ಕಂಡರೆ ಅವನತ್ತ ನುಗ್ಗು ಎಂದು ಸೇನೆ ಮೈಗೆ ಬರೆದಿರುತ್ತದೆ. ಇಲ್ಲಿ ಶತ್ರುವಿಗೆ ಬೆನ್ನು ಹಾಕಿ, ಸಾಹೇಬರ ಸೊಂಟಪಟ್ಟಿ ಹಿಡಿದು, ಅವರನ್ನು ಬಗ್ಗಿಸಿಕೊಂಡು ಕಾರಿನತ್ತ ಓಡಬೇಕು. ಹಾಗೆ ಓಡುವುದಕ್ಕೆ ನನ್ನ ಕಾಲು ಒಪ್ಪಲು ಮೂರು ವಾರ ಹಿಡಿಯಿತು. ಮನಸ್ಸು ಒಪ್ಪಲು ಇನ್ನೂ ಜಾಸ್ತಿ.

3. ರಸ್ತೆಯೇ ಮೊದಲ ಶತ್ರು

ಕಾರವಾರದ ಕಡಲ ದಂಡೆಯಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾ ಮೂಲದವರು, ಜೀವಂತವಾಗಿ ಪರಮವೀರ ಚಕ್ರ ಪಡೆದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯವರೆಗೆ ಅವರು ಮಾಡಿದ್ದು ಗುಂಡಿನ ಮಳೆಯಲ್ಲಿ ನೆಲಬಾಂಬು ಕಿತ್ತು, ಕಡಿದುರುಳಿಸಿದ ಮರ ಸರಿಸಿ, ಟ್ಯಾಂಕುಗಳಿಗೆ ದಾರಿ ಬಿಡಿಸಿದ ಕೆಲಸ. ನಮ್ಮ ಜಿಲ್ಲೆಯ ದೊಡ್ಡ ವೀರ ರಸ್ತೆ ಬಿಡಿಸಿದವರು ಎನ್ನುವುದು ನನಗೆ ಈ ಕೆಲಸಕ್ಕೆ ಬಂದ ಮೇಲೆ ಅರ್ಥವಾಯಿತು.

ನಮ್ಮ ಮೂರು ತಾಲೂಕು ಹಗ್ಗದ ಮೇಲೆ ಕಟ್ಟಿದ ಊರುಗಳಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಹೆದ್ದಾರಿ 66. ಹೊನ್ನಾವರದ ಶರಾವತಿ ಸೇತುವೆ ಮೇಲೆ ಒಂದು ಲಾರಿ ಅಡ್ಡ ನಿಂತರೆ ಭಟ್ಕಳವೂ ಕುಮಟಾವೂ ಬೇರೆ ಬೇರೆ ದೇಶ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಕುಮಟಾದಿಂದ ಕಾರವಾರದತ್ತ ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಆ ತಿಂಗಳಲ್ಲಿ ನನ್ನ ಸಾಹೇಬರೊಬ್ಬರಿಗೆ ಗೋವಾ ವಿಮಾನ ಹಿಡಿಯಬೇಕಿತ್ತು. ನಾನು ಪಿಸ್ತೂಲಿನ ಬಗ್ಗೆ ಯೋಚಿಸಲಿಲ್ಲ. ಕುಮಟಾ–ಶಿರಸಿಯ ದೇವಿಮನೆ ಘಾಟಿ, ಹೊನ್ನಾವರ–ಸಾಗರದ ಗೇರುಸೊಪ್ಪೆ ದಾರಿ, ಭಟ್ಕಳದಿಂದ ಸಾಗರಕ್ಕೆ ಕೋಗಾರು ಘಾಟಿ, ಮೂರರಲ್ಲಿ ಆ ಹೊತ್ತಿಗೆ ಯಾವುದು ಬಿಟ್ಟಿದೆ ಎಂದು ಹಿಂದಿನ ದಿನವೇ ಲಾರಿ ಡ್ರೈವರುಗಳಿಗೆ ಫೋನು ಮಾಡುತ್ತ ಕೂತೆ. ಮೊಬೈಲ್ ನಕ್ಷೆ ತೋರಿಸುವ ದಾರಿಗಿಂತ ಘಟ್ಟದ ಮೇಲಿನ ಚಹಾ ಅಂಗಡಿಯವನ ಮಾತಿಗೆ ನನ್ನಲ್ಲಿ ಬೆಲೆ ಜಾಸ್ತಿ.

ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೋಗಬೇಡಿ ಎಂದು ಪುಸ್ತಕ ಹೇಳುತ್ತದೆ. ಇಲ್ಲಿ ದಾರಿ ಒಂದೇ ಇರುವುದರಿಂದ ಹೊತ್ತನ್ನಾದರೂ ಬದಲಿಸುತ್ತೇವೆ.

4. ಮನೆಯೂ ಬಯಲೇ

1996ರ ಏಪ್ರಿಲ್ 10ರಂದು ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಗುಂಡಿಗೆ ಬಲಿಯಾದದ್ದು ತಮ್ಮ ಮನೆಯಲ್ಲಿ. ಆಗ ನಾನು ಸೇನೆಯಲ್ಲಿದ್ದೆ. ಈಗಲೂ ಯಾರದಾದರೂ ಮನೆಗೆ ಮೊದಲ ಸಲ ಹೋದಾಗ ಅದು ನೆನಪಾಗುತ್ತದೆ. ಕತ್ತಲಾದ ಮೇಲೆ ಹೊರಗೆ ಹೋಗಿ ನಿಂತು, ಒಳಗೆ ದೀಪ ಹಾಕಿಸಿ, ಯಾರು ಎಲ್ಲಿ ಕೂತಿದ್ದಾರೆ ಎಂಬುದು ರಸ್ತೆಗೆ ಎಷ್ಟು ಕಾಣುತ್ತದೆ ಎಂದು ನೋಡುತ್ತೇನೆ. ಕುರ್ಚಿ ಸರಿಸುವುದಕ್ಕೂ ಪರದೆ ಎಳೆಯುವುದಕ್ಕೂ ಸರ್ಕಾರದ ಲೈಸೆನ್ಸ್ ಬೇಡ. ಮನೆಯ ಅಜ್ಜಿ ಮಾತ್ರ ಗಾಳಿ ಬರುವುದಿಲ್ಲವೆಂದು ಬೈಯುತ್ತಾರೆ. ಬೈಸಿಕೊಳ್ಳಬೇಕು.

5. ಕೋವಿಯ ಲೆಕ್ಕ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಮಾದರಿ ನಿಯಮಗಳ ಪಾಠಪಟ್ಟಿಯಲ್ಲಿ ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಗುಂಪು ನಿಭಾಯಿಸುವುದು, ಗುರುತಿನ ಚೀಟಿ ಪರೀಕ್ಷಿಸುವುದು ಎಲ್ಲರಿಗೂ ಇದೆ. ಬಂದೂಕು ಬಳಸುವುದು ಐಚ್ಛಿಕ. ಇದನ್ನು ಹೇಳಿದರೆ ಹುಡುಗರ ಮುಖ ಬಾಡುತ್ತದೆ.

ಸೇನೆಯಲ್ಲಿ ಬಂದೂಕು ಕೋತ್‌ನಿಂದ, ಅಂದರೆ ಪಲ್ಟನ್ನಿನ ಆಯುಧ ಕೋಣೆಯಿಂದ, ಬರುತ್ತಿತ್ತು, ಕೋತ್‌ಗೆ ಹೋಗುತ್ತಿತ್ತು. ಇಲ್ಲಿ ಅದು ನಮ್ಮ ಹೆಸರಿನ ಲೈಸೆನ್ಸಿನ ಮೇಲೆ ನಿಂತಿರುತ್ತದೆ, ಆ ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯ ಎಂದೂ ಬರೆದಿರುತ್ತದೆ. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸಿನ ಆಯುಧಗಳನ್ನು ಠಾಣೆಯಲ್ಲಿ ಇಡಲು ಆದೇಶ ಬರುತ್ತದೆ. ಬ್ಯಾಂಕ್ ಕಾವಲಿನಂಥವರಿಗೆ ವಿನಾಯಿತಿ ಸಿಗಬಹುದು, ಉಳಿದವರು ತೋಟದ ಕೋವಿಯನ್ನೂ ಒಪ್ಪಿಸಬೇಕು. ಅಂದರೆ ಅಭ್ಯರ್ಥಿಗೆ ಗನ್‌ಮ್ಯಾನ್ ಬೇಕೆನಿಸುವ ತಿಂಗಳಲ್ಲೇ ಗನ್ ಠಾಣೆಯಲ್ಲಿ, ಮ್ಯಾನ್ ಮಾತ್ರ ಹೊರಗೆ. ಮದುವೆ ದಿಬ್ಬಣದಲ್ಲಿ ‘ಒಂದು ಗುಂಡು ಹಾರಿಸಿ’ ಎನ್ನುವವರೂ ಇದ್ದಾರೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾಗೆ ಕೇಳಿದ ಒಂದು ಮನೆಯವರಿಗೆ ನಾನು ಗರ್ನಾಲು ತರಿಸಿಕೊಟ್ಟೆ.

ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಬೇರೆಯವರ ದೇಹವನ್ನು ಕಾಪಾಡುವ ಹಕ್ಕೂ ಅದರಲ್ಲಿ ಸೇರಿದೆ. 37ನೆಯದನ್ನು ಬಾಯಿಪಾಠ ಮಾಡಿ: ರಕ್ಷಣೆಗೆ ಬೇಕಾದಷ್ಟೇ ಪೆಟ್ಟು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ.

6. ನೂರು ಕಿಲೋಮೀಟರಿನ ಆಸ್ಪತ್ರೆ

ಇಷ್ಟು ವರ್ಷದಲ್ಲಿ ನನ್ನ ಸಾಹೇಬರ ಮೇಲೆ ಯಾರೂ ಗುಂಡು ಹಾರಿಸಿಲ್ಲ. ಎದೆನೋವು ಮಾತ್ರ ಎರಡು ಸಲ ಬಂದಿದೆ.

ಅದರಲ್ಲೊಂದು ಮುರುಡೇಶ್ವರದ ಒಂದು ಮದುವೆಯಲ್ಲಿ. ರಾತ್ರಿ ಹನ್ನೊಂದು ದಾಟಿತ್ತು. ಹಿರಿಯ ವ್ಯಾಪಾರಿ, ಬಿರಿಯಾನಿ ಮುಗಿಸಿ ಸೋಡಾ ಕೇಳಿದವರು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ‘ಗ್ಯಾಸ್’ ಎಂದರು ಎಲ್ಲರೂ. ಅವರ ಹಣೆಯ ಬೆವರು ತಣ್ಣಗಿತ್ತು. ತರಬೇತಿಯಲ್ಲಿ ಕಲಿತದ್ದು ಇಷ್ಟೇ: ನಡೆಸಬೇಡ, ಕೂರಿಸು, ಬಟ್ಟೆ ಸಡಿಲಿಸು, ಅವರು ನಿತ್ಯ ನುಂಗುವ ಮಾತ್ರೆಗಳ ಪಟ್ಟಿ ನಿನ್ನ ಜೇಬಿನಲ್ಲಿರಲಿ. ಪಟ್ಟಿ ಇತ್ತು. ಸಮೀಪದ ವೈದ್ಯರಿಗೆ ತೋರಿಸಿ, ಅವರ ಮಾತಿನಂತೆ ಆಂಬುಲೆನ್ಸ್‌ನಲ್ಲಿ ಮಣಿಪಾಲಕ್ಕೆ ಹೊರಟೆವು. ಹೆಚ್ಚುಕಡಿಮೆ ನೂರು ಕಿಲೋಮೀಟರ್. ಡ್ರೈವರ್ ಪಕ್ಕ ಕೂತ ನಾನು ಇಡೀ ದಾರಿ ಹೇಳಿದ್ದು ಒಂದೇ ಮಾತು, ‘ನಿಧಾನ ಮಾರಾಯಾ.’ 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ, ಮಳೆಗೆ ಜಾರಿ ಪಲ್ಟಿಯಾಗಿ ನಾಲ್ವರು ಸತ್ತರು. ಆ ಗೇಟು ದಾಟುವಾಗ ಈಗಲೂ ಉಸಿರು ಬಿಗಿಯಾಗುತ್ತದೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆ ವರ್ಷ ಊರೂರಲ್ಲಿ ಎದ್ದಿತ್ತು. ನಮ್ಮಂಥವರಿಗೆ ಅದು ರಾಜಕೀಯವಲ್ಲ, ದಿನದ ಕೆಲಸದ ಲೆಕ್ಕ. ಆಸ್ಪತ್ರೆ ಅಷ್ಟು ದೂರವಿದ್ದಾಗ ರಕ್ತ ನಿಲ್ಲಿಸುವ ಪಟ್ಟಿ ಕಟ್ಟಲು ಬರುವ ಕೈ ಪಿಸ್ತೂಲು ಹಿಡಿದ ಕೈಗಿಂತ ಹೆಚ್ಚು ಬಾಳುತ್ತದೆ.

ಆ ಹಿರಿಯರು ಉಳಿದರು. ಈಗಲೂ ಬಿರಿಯಾನಿ ತಿನ್ನುತ್ತಾರೆ.

7. ಹಿಮ್ಮೇಳದಲ್ಲಿರಿ

ಹೊನ್ನಾವರದ ಕಡೆಯವನಾದ ನನಗೆ ಯಕ್ಷಗಾನದ ಹೋಲಿಕೆಯೇ ಬಾಯಿಗೆ ಬರುತ್ತದೆ. ಕುಣಿಯುವವರು ಮುಮ್ಮೇಳದವರು, ಜನ ನೋಡುವುದು ಅವರನ್ನು. ಹಿಮ್ಮೇಳದ ಮದ್ದಳೆಯವರು ಹಿಂದೆ ಕೂತು ವೇಷದವರ ಕಾಲಿನ ಮೇಲೇ ಕಣ್ಣಿಟ್ಟಿರುತ್ತಾರೆ. ನಮ್ಮದು ಆ ಜಾಗ. ಕಪ್ಪು ಕನ್ನಡಕ, ಬಿಗಿ ಸಫಾರಿ ಹಾಕಿಕೊಂಡು ಎದೆ ಸೆಟೆಸಿದರೆ ಸಾಹೇಬರು ಯಾರೆಂದು ಇಡೀ ಪೇಟೆಗೆ ಡಂಗುರ ಸಾರಿದಂತೆ. ನಾನು ಅರ್ಧ ತೋಳಿನ ಅಂಗಿಯಲ್ಲಿರುತ್ತೇನೆ. ಬಹಳ ಜನ ನನ್ನನ್ನು ಲೆಕ್ಕ ಬರೆಯುವವನು ಅಂದುಕೊಂಡಿದ್ದಾರೆ.

ಹಳೇ ಸಮವಸ್ತ್ರದ ಮೋಹ ಬಿಡಿ. ಖಾಸಗಿ ಭದ್ರತೆಯವನು ಸೇನೆಯ ಅಥವಾ ಪೊಲೀಸರ ಬಟ್ಟೆಯನ್ನು ಹೋಲುವ ಬಟ್ಟೆ ತೊಟ್ಟರೆ 2005ರ ಕಾಯ್ದೆಯಲ್ಲೇ ಶಿಕ್ಷೆ ಇದೆ, ಅವನಿಗೂ ಮಾಲೀಕನಿಗೂ.

ಇನ್ನು ಭಾಷೆ. ಭಟ್ಕಳದ ಪೇಟೆಯಲ್ಲಿ ನವಾಯತಿ, ಬಂದರಿನಲ್ಲಿ ಕೊಂಕಣಿ, ಕುಮಟಾ ಕಡೆ ಹೋದರೆ ಹವ್ಯಕ ಕನ್ನಡ. ಸಿಟ್ಟು ಏರುವ ಮುಂಚಿನ ಮಾತು ಅವರವರ ಮನೆಮಾತಿನಲ್ಲೇ ಬರುತ್ತದೆ. ಅದು ಕಿವಿಗೆ ಬಿದ್ದರೆ ಸಾಹೇಬರನ್ನು ಎಬ್ಬಿಸಿಕೊಂಡು ಹೊರಡಲು ಐದು ನಿಮಿಷ ಸಿಗುತ್ತದೆ.

8. ಕಾಗದ ಮೊದಲು, ಸಲಾಂ ಆಮೇಲೆ

ಶುರುವಿನಲ್ಲಿ ಒಂದು ಏಜೆನ್ಸಿ ನನ್ನನ್ನು ಬಾಯಿಮಾತಿನಲ್ಲಿ ಸೇರಿಸಿಕೊಂಡಿತು. ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಏಜೆನ್ಸಿಗೆ ರಾಜ್ಯದ ಲೈಸೆನ್ಸ್ ಇದೆಯೇ, ನೇಮಕ ಪತ್ರ ಕೊಡುತ್ತಾರೆಯೇ, ಪಿಎಫ್ ಕಟ್ಟುತ್ತಾರೆಯೇ ಎಂದು ಮೊದಲೇ ಕೇಳಿ. ಸೇನೆಯಲ್ಲಿ ಕೇಳಬೇಕಾಗಿರಲಿಲ್ಲ, ಹಾಗಾಗಿ ನಮಗೆ ಕೇಳುವುದೆಂದರೆ ನಾಚಿಕೆ.

ಮೊನ್ನೆ ಕುಮಟಾ ತಾಲೂಕಿನ ಹುಡುಗನೊಬ್ಬ ಫೋನು ಮಾಡಿದ್ದ. ಎಂಟು ತಿಂಗಳಲ್ಲಿ ಪಿಂಚಣಿ, ಕೋರ್ಸ್‌ಗೆ ಹೆಸರು ಕೊಟ್ಟಿದ್ದಾನೆ. ‘ಪಿಸ್ತೂಲ್ ಯಾವ ಕಂಪನಿದು ಒಳ್ಳೇದು, ಅಣ್ಣ?’ ಅಂದ. ರಜೆ ಮುಗಿಯುವ ಮುಂಚೆ ಬೈಕ್ ತೆಗೆದುಕೊಂಡು ದೇವಿಮನೆ ಹತ್ತಿ ಶಿರಸಿಗೆ ಹೋಗು, ಸಿದ್ದಾಪುರದ ಮೇಲೆ ಜೋಗಕ್ಕೆ ಬಂದು ಗೇರುಸೊಪ್ಪೆ ಇಳಿ, ಎಲ್ಲೆಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ ಎಂದು ಬರೆದುಕೊಂಡು ಬಾ ಎಂದೆ. ಭಾನುವಾರ ಬರುತ್ತೇನೆ ಅಂದಿದ್ದಾನೆ.